ಗುರುಸಿದ್ದಮ್ಮನ ಸಾಂಬ್ರಾಣಿ ಹೊಗೆ

ಕಟ್ಟಾಯದ ಗುರುಸಿದ್ದಮ್ಮನಿಗೆ ಮೊಮ್ಮಗಳು ಮಾನ್ಯ ಅಂದರೆ ಪ್ರಾಣ. ಆ ಪ್ರಾಣವನ್ನೇ ಜೂನ್ ತಿಂಗಳಿಗೆ ಚನ್ನರಾಯಪಟ್ಟಣದ ಹಾಸ್ಟೆಲ್ಲಿಗೆ ಹಾಕುತ್ತೇನೆ ಅಂತ ಸೊಸೆ ಪ್ರೇಮಕುಮಾರಿ ಹಟ ಹಿಡಿದಿದ್ದಳು. ಹೊಸ ಟ್ರಂಕೂ ಬಂದು ನಡುಮನೆಯಲ್ಲಿ ಕೂತಿತ್ತು. ಮೂರನೇ ಕ್ಲಾಸಿನ ಹುಡುಗಿ ಪಾಠದ ಹೊತ್ತಲ್ಲಿ ಬಾಯಿ ತೆರೆದುಕೊಂಡು ಕಿಟಕಿ ನೋಡುತ್ತಾಳೆ, ಪಕ್ಕದವರನ್ನು ಚಿವುಟುತ್ತಾಳೆ, ಕೂತಲ್ಲಿ ಕೂರುವುದಿಲ್ಲ ಅಂತ ಮೇಷ್ಟ್ರು ದೂರಿದ್ದರು. ಹಾಸ್ಟೆಲ್ಲಿನ ಶಿಸ್ತಿಗೆ ಬಿದ್ದರೆ ಸರಿಹೋಗುತ್ತಾಳೆ ಅಂತ ತಾಯಿಯ ನಂಬಿಕೆ.

ಮಗುವಿಗೆ ಯಾರದೋ ಕಣ್ಣು ಬಿದ್ದಿದೆ ಅಂತ ಗುರುಸಿದ್ದಮ್ಮನ ನಂಬಿಕೆ. ದಿನಾ ಸಂಜೆ ಮಾನ್ಯಳನ್ನು ಮುಂದೆ ಕೂರಿಸಿಕೊಂಡು, ಬಟ್ಟಲಿನ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ತಲೆ ಮುಖಕ್ಕೆಲ್ಲ ಹೊಗೆ ಹಿಡಿಯುತ್ತಿದ್ದಳು. ದೂರು ಹೆಚ್ಚಿದಷ್ಟೂ ಸಾಂಬ್ರಾಣಿ ಹೆಚ್ಚಿತು. ಮಗು ಬಾಯಿಬಿಟ್ಟು ಗೊರಕೆ ಹೊಡೆದರೆ, ಎಷ್ಟು ಸುಖವಾಗಿ ನಿದ್ದೆ ಹತ್ತಿದೆ ನೋಡು ಅಂತ ಹಿಗ್ಗುತ್ತಿದ್ದಳು. ಎಂಥಾ ನಿದ್ದೆ, ಎಂಥಾ ಸುಖ!

ಕೆಮ್ಮಿಗೆ ಅಂತ ಹಾಸನಕ್ಕೆ ಕರೆದೊಯ್ದಾಗ ಡಾಕ್ಟರಮ್ಮ ಮೂಗಿಗೆ ಟಾರ್ಚ್ ಬಿಟ್ಟು ನೋಡಿದರು. ಮೂಗು ಕಟ್ಟಿ ಮಗು ಬಾಯಲ್ಲೇ ಉಸಿರಾಡುತ್ತಿದೆ, ಆ ಗೊರಕೆ ಸುಖನಿದ್ದೆಯದಲ್ಲ, ನಿದ್ದೆಗೆಟ್ಟ ಮಕ್ಕಳು ಹೀಗೇ ಚಡಪಡಿಸುತ್ತವೆ ಅಂದರು. ಹನಿ ಔಷಧಿ ಬರೆದುಕೊಟ್ಟು, ದಿನಾ ಸಾಂಬ್ರಾಣಿ ಹಾಕುವುದನ್ನು ಕೇಳಿ, ಮೊದಲು ಆ ಹೊಗೆ ನಿಲ್ಲಿಸಿ ಅಂತಲೂ ಹೇಳಿದರು.

ಗುರುಸಿದ್ದಮ್ಮನಿಗೆ ಸಿಟ್ಟು ಬಂತು. ವಂಶವೆಲ್ಲ ಇದೇ ಹೊಗೆಯಲ್ಲಿ ಬೆಳೆದಿಲ್ಲವೇ? ಮಾರನೇ ದಿನ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತವಳು, ಮೂಗು ಕಟ್ಟಿದರೆ ಅದೇನಾಗುತ್ತೆ ನೋಡೇಬಿಡೋಣ ಅಂತ ಮೂಗಿಗೆ ಹತ್ತಿ ತುರುಕಿಕೊಂಡಳು. ಸ್ವಲ್ಪ ಹೊತ್ತಿಗೇ ಬಾಯಿ ಒಣಗಿತು, ತಲೆ ಭಾರವಾಯಿತು, ಸಿಪ್ಪೆ ಹೋಗಿ ಕಾಳಿನ ಪಾತ್ರೆಗೆ ಬಿತ್ತು. ಏನೋ ಕೇಳಲು ಬಂದ ಸೊಸೆಯ ಮೇಲೆ ಸುಮ್ಮಸುಮ್ಮನೆ ರೇಗಿದಳು. ರೇಗಿದ ಮೇಲೆ ಕೈ ನಿಂತಿತು. ಕೂಸು ದಿನವೆಲ್ಲ ಹೀಗೇ ಮೂಗು ಕಟ್ಟಿಕೊಂಡು ಕೂತು ಮಗ್ಗಿ ಕಲಿಯಬೇಕಿತ್ತಲ್ಲ ಅನ್ನಿಸಿತು.

ಹತ್ತಿ ಕಿತ್ತೆಸೆದು ಸೊಸೆಯ ಹಿಂದೆಯೇ ಒಳಗೆ ಹೋದಳು.

"ಹೊಗೆ ಹಾಕಿದ್ದು ನಾನು ಕಣವ್ವ. ಹಾಸ್ಟೆಲ್ಲಿಗೆ ಯಾರನ್ನಾದ್ರೂ ಕಳಿಸ್ಲೇಬೇಕು ಅಂದ್ರೆ ಆ ಟ್ರಂಕಿಗೆ ನನ್ ಸೀರೆ ತುಂಬು."

ಪ್ರೇಮಕುಮಾರಿಗೆ ನಗುವೂ ಬಂತು, ಅಳುವೂ ಬಂತು. ಕೆಂಡದ ಬಟ್ಟಲನ್ನು ತೊಳೆದು ಒರೆಸಿ ಟ್ರಂಕಿನೊಳಗಿಟ್ಟು, ಟ್ರಂಕನ್ನೇ ಅಟ್ಟಕ್ಕೇರಿಸಿದಳು.

ಸಂಜೆ ಮಾನ್ಯ ಎಂದಿನಂತೆ ಬಂದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಅಜ್ಜಿಯ ಮುಂದೆ ಕೂತಳು. ಗುರುಸಿದ್ದಮ್ಮ ಅವಳ ತಲೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೂಗಿಗೆ ಹನಿ ಬಿಟ್ಟಳು.