ಸುರುಳಿಯ ಲೆಕ್ಕ

ಬೆಳಿಗ್ಗೆ ಹತ್ತಕ್ಕೆ ಆಂಬುಲೆನ್ಸ್ ಕರೆ ಕೇಂದ್ರದ ಫೋನುಗಳೆಲ್ಲ ಒಟ್ಟಿಗೆ ಮೂಕವಾದವು. ಹನ್ನೊಂದಕ್ಕೆ ಮೀಟರಮ್ಮ ಅಲ್ಲಿದ್ದಳು. ಆ ಹೆಸರು ಬಂದದ್ದು ಅವಳ ಹೆಗಲಿಗೆ ಸದಾ ಜೋತುಬಿದ್ದಿರುವ ಯಂತ್ರದಿಂದ. ಅದು ಕೇಬಲ್ಲಿನ ಗಾಜಿನೆಳೆಯೊಳಗೆ ಬೆಳಕು ಬಿಡುತ್ತದೆ. ಎಳೆ ತುಂಡಾದಲ್ಲಿಂದ ಬೆಳಕು ತಿರುಗಿ ಬರುತ್ತದೆ. ಹೋಗಿಬಂದ ಹೊತ್ತಿನಿಂದ ದೂರ ಸಿಗುತ್ತದೆ. ಈ ಸಲ ಸಿಕ್ಕಿದ್ದು ಸಾವಿರದ ನಾನೂರು ಮೀಟರ್.

ಆದರೆ ಅದು ಗಾಜಿನ ದೂರ, ರಸ್ತೆಯದಲ್ಲ. ದಾರಿಯಲ್ಲಿ ನಾಲ್ಕು ಜೋಡಣೆ ಗುಂಡಿಗಳು. ಮುಂದಿನ ರಿಪೇರಿಗೆ ಇರಲಿ ಎಂದು ಒಂದೊಂದರಲ್ಲೂ ಒಂದಿಷ್ಟು ಕೇಬಲ್ ಸುರುಳಿ ಸುತ್ತಿಟ್ಟಿರುತ್ತಾರೆ; ರಸ್ತೆಯ ದೂರ ಬೇಕಾದರೆ ಅದನ್ನು ಕಳೆಯಬೇಕು. ಮುಚ್ಚಳಗಳು ಹೊಸ ಡಾಂಬರಿನಡಿ ಸೇರಿದ್ದರಿಂದ ತೆರೆದು ನೋಡುವಂತಿರಲಿಲ್ಲ.

ಅಗೆಯುವವರ ಮೇಸ್ತ್ರಿ ದಾಖಲೆ ಪುಸ್ತಕ ತೆರೆದ. "ಗುಂಡಿಗೆ ಹತ್ತು ಮೀಟರ್. ನಾಲ್ಕಕ್ಕೆ ನಲವತ್ತು. ಕಳೆದ್ರೆ ಸಾವಿರದ ಮುನ್ನೂರ ಅರವತ್ತು. ಔಷಧಿ ಅಂಗಡಿ ಮುಂದೆ ಅಗೀರಪ್ಪ."

"ತಡೀರಿ. ಈ ಲೈನ್ ಹಾಕಿದ್ದು ನಮ್ಮ ಚಿಕ್ಕಪ್ಪ."

"ಬರೆದದ್ದೂ ಅವರೇ. ಇವತ್ತು ಒಂದೇ ಕಡೆ ಅಗೆಯೋಕೆ ಅನುಮತಿ ಇರೋದು, ಮೀಟರಮ್ಮ. ತಪ್ಪಿದ್ರೆ ನಾಳೆವರೆಗೆ ಜನ ಆಂಬುಲೆನ್ಸಿಗೆ ಬೀದೀಲಿ ನಿಂತು ಕೂಗಬೇಕು."

"ಅದಕ್ಕೇ ತಡೀರಿ ಅಂದೆ."

ಮೂರು ವರ್ಷ ಅವಳು ಚಿಕ್ಕಪ್ಪನ ಕೈಕೆಳಗೆ ಕೆಲಸ ಕಲಿತವಳು. ಹತ್ತೆಂದರೆ ಹತ್ತೇ ಎಂದು ಅಳೆದಿಡುವ ಜಾಯಮಾನ ಅವರದಲ್ಲ. ನಿವೃತ್ತರಾಗಿ ಮನೆಯಲ್ಲಿದ್ದ ಅವರಿಗೆ ಮೊಬೈಲಿನಿಂದ ಕರೆ ಮಾಡಿದಳು.

"ಚಿಕ್ಕಪ್ಪ, ಗುಂಡಿಗೆ ಎಷ್ಟು ಸುತ್ತಿಟ್ಟಿದ್ರಿ?"

"ಪುಸ್ತಕ ನೋಡಮ್ಮ."

"ಪುಸ್ತಕ ನೋಡಿಯಾಯ್ತು. ನಿಮ್ಮ ಕೈ ಲೆಕ್ಕ ಹೇಳಿ."

"ನೋಡು, ನಿಯಮ ಅಂತ ಒಂದಿರುತ್ತೆ, ಸಂದರ್ಭ ಅಂತ ಒಂದಿರುತ್ತೆ..."

"ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಆಂಬುಲೆನ್ಸ್ ಲೈನ್ ಸತ್ತಿದೆ."

ಮೂವತ್ತು ವರ್ಷದ ನೌಕರಿಯಲ್ಲಿ ಒಂದೂ ಕಪ್ಪುಚುಕ್ಕೆಯಿಲ್ಲದ ಮನುಷ್ಯ.

"ಇಪ್ಪತ್ತು," ಎಂದರು ಕೊನೆಗೆ. "ಹತ್ತು ಯಾವ ಮೂಲೆಗೆ ಸಾಕು? ಆಮೇಲೆ ಬರೋರು ನನ್ನ ಬೈಕೋಬಾರದು ನೋಡು. ಸಾಹೇಬರು ಒಪ್ತಿರಲಿಲ್ಲ, ಹತ್ತು ಅಂತ ಬರೆದುಬಿಟ್ಟೆ. ಮೇಸ್ತ್ರಿಗೆ ಮಾತ್ರ ಹೇಳಬೇಡ."

"ಪಕ್ಕದಲ್ಲೇ ಇದಾರೆ. ಸ್ಪೀಕರ್ ಆನ್ ಮಾಡಿದೀನಿ."

ಗುಂಡಿಗೆ ಇನ್ನೂ ಹತ್ತರಂತೆ, ಮೇಸ್ತ್ರಿ ಹೇಳಿದ್ದ ಔಷಧಿ ಅಂಗಡಿಯಿಂದ ನಲವತ್ತು ಮೀಟರ್ ಹಿಂದಕ್ಕೆ ಟೇಪು ಹಿಡಿದು ಅವಳು ಸುಣ್ಣದಲ್ಲಿ ಗೆರೆ ಎಳೆದಳು. ಅದು ಕನ್ನಡಕದ ಅಂಗಡಿಯ ಮುಂಭಾಗ. ಮಾಲೀಕ ಓಡಿಬಂದ.

"ಇಷ್ಟುದ್ದ ರಸ್ತೆ ಬಿಟ್ಟು ನನ್ನ ಬಾಗಿಲೇ ಬೇಕಿತ್ತಾ?"

"ನಾನು ಆರಿಸಿಕೊಂಡಿದ್ದಲ್ಲ ಸಾರ್. ಬೆಳಕು ಇಲ್ಲಿಂದಲೇ ವಾಪಸ್ ಬಂತು."

"ಖಂಡಿತಾನಾ?" ಎಂದ ಮೇಸ್ತ್ರಿ, ಮೆಲ್ಲಗೆ.

"ಅಗೆಸಿ."

ಹೂಕುಂಡಗಳನ್ನು ಸರಿಸಿ ಅಗೆದರು. ಒಂದೂವರೆ ಅಡಿಗೆ ಕೇಬಲ್ ಕಂಡಿತು. ಅದರ ನಟ್ಟನಡುವೆ ಕಬ್ಬಿಣದ ಗೂಟ. ಅಂಗಡಿಯ ಹೊಸ ಬಿಸಿಲು ಚಪ್ಪರಕ್ಕೆಂದು ಬೆಳಿಗ್ಗೆಯಷ್ಟೇ ಹೊಡೆದದ್ದು. ಮಾಲೀಕ ಒಳಗೆ ಹೋಗಿ ಎಲ್ಲರಿಗೂ ಕುರ್ಚಿ ಕಳಿಸಿದ.

ಎಳೆಗಳನ್ನು ಒಂದೊಂದಾಗಿ ಬೆಸೆದು ಮುಗಿಸುವಾಗ ಮೂರೂವರೆ. ಮೀಟರಮ್ಮ ಕೇಂದ್ರದ ನಂಬರ್ ಒತ್ತಿದಳು. ಮೊದಲ ರಿಂಗಿಗೇ ಎತ್ತಿದರು.

"ಲೈನ್ ಪರೀಕ್ಷೆ ಮಾಡ್ತಿದೀವಿ. ಧ್ವನಿ ಚೆನ್ನಾಗಿ ಕೇಳಿಸ್ತಿದೆಯಾ ಮೇಡಂ?"

"ಕೇಳಿಸ್ತಿದೆ, ಇಡ್ರೀ! ಇಲ್ಲಿ ಮೂರು ಕರೆ ಕಾಯ್ತಿವೆ!"

ಫೋನ್ ಕುಕ್ಕಿದ ಸದ್ದು.

"ಏನಂದ್ರು?" ಮೇಸ್ತ್ರಿ ಕೇಳಿದ.

"ಬೈದು ಇಟ್ರು," ಎಂದಳು ಮೀಟರಮ್ಮ, ಬಾಯಿತುಂಬ ನಗುತ್ತ.