ಮುರಿದ ಕಾಲಿನ ಹಂದಿ

ಮ್ಯೂಸಿಯಮ್ಮಿನ ಪುರಾತತ್ವ ಹಬ್ಬಕ್ಕೆ ಹೋಗಲೇಬೇಕೆಂದು ಹಟ ಹಿಡಿದವಳು ದರ್ಜಿಯ ಮಗಳು. ಮರಳಿನಲ್ಲಿ ಹೂತಿಟ್ಟ ವಸ್ತುಗಳನ್ನು ಮಕ್ಕಳೇ ಅಗೆದು ತೆಗೆಯಬಹುದು, ಒಡೆದ ಮಡಕೆಗಳನ್ನು ಅಂಟಿಸಬಹುದು, ಮನೆಮಂದಿಯನ್ನೂ ಕರೆತನ್ನಿ ಎಂದು ಶಾಲೆಗೆ ಬಂದು ಯಾರೋ ಹೇಳಿ ಹೋಗಿದ್ದರಂತೆ. ಹೊಲಿಗೆಯಂತ್ರದ ಪಕ್ಕ ಸಮವಸ್ತ್ರಗಳ ರಾಶಿಯೇ ಬಿದ್ದಿತ್ತು. ಆದರೂ ದರ್ಜಿ ಭಾನುವಾರ ಬೆಳಿಗ್ಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿ ಎದ್ದಳು. ಗಂಡ ಕಾರ್ಖಾನೆಗೆ ಹೋಗಿದ್ದ. ಅವಳ ಜೊತೆಯಲ್ಲೇ ಇರುವ ತಾಯಿ ಮಾತ್ರ ಮುಖ ಸಿಂಡರಿಸಿದರು.

"ಒಡೆದ ಮಡಕೆ ನೋಡಕ್ಕೆ ಅಲ್ಲೀವರೆಗೂ ಹೋಗ್ಬೇಕಾ? ನಮ್ಮನೇಲಿ ಇಲ್ವಾ? ನಂಗೆ ಮಂಡಿ ನೋವು. ನೀವೂ ಹೋಗ್ಬೇಡಿ."

"ಮಂಡಿ ನಿಂದು ನೋಯ್ತಿರೋದು, ನಮ್ದಲ್ಲ," ಎಂದಳು ದರ್ಜಿ. ಮೊಮ್ಮಗಳು ಕೈ ಹಿಡಿದು ಎಳೆದ ಮೇಲೆ ಅಜ್ಜಿ ಗೊಣಗುತ್ತಲೇ ಹೊರಟರು.

ಮ್ಯೂಸಿಯಮ್ಮಿನ ಹಿಂದಿನ ಅಂಗಳದಲ್ಲಿ ಟಾರ್ಪಾಲು ಕಟ್ಟಿದ್ದರು. ಅದರ ಕೆಳಗೆ ಮರಳು ತುಂಬಿದ ಮರದ ತೊಟ್ಟಿಗಳು. ಸುತ್ತ ಕುಕ್ಕರಗಾಲಲ್ಲಿ ಕೂತ ಮಕ್ಕಳು ಬಣ್ಣ ಬಳಿಯುವ ಬ್ರಷ್ಷಿನಿಂದ ಮರಳು ಗುಡಿಸುತ್ತಿದ್ದರು. ಮಕ್ಕಳಿಗಿಂತ ಅಪ್ಪಂದಿರಿಗೇ ಆತುರ. ಒಬ್ಬ ತನ್ನ ಮಗನನ್ನು ಪಕ್ಕಕ್ಕೆ ತಳ್ಳಿ ತಾನೇ ಎರಡೂ ಕೈ ಹಾಕಿ ಕೆದಕುತ್ತಿದ್ದ. ದರ್ಜಿಯ ಮಗಳಿಗೆ ಒಂದು ನೀಲಿ ಮಣಿ ಸಿಕ್ಕಿತು. ಅವಳು ಕಿರುಚಿದ ರಭಸಕ್ಕೆ ಪಕ್ಕದ ಮಗು ಹೆದರಿ ಅತ್ತಿತು. ದರ್ಜಿಗೆ ನಗು ಬಂತು.

ಆಗ ಮ್ಯೂಸಿಯಮ್ಮಿನ ಮೇಡಂ ಮೈಕು ಹಿಡಿದು ಎಲ್ಲರನ್ನೂ ವೇದಿಕೆಯ ಹತ್ತಿರ ಕರೆದರು. "ಮಕ್ಕಳೇ, ನೀವೆಲ್ಲ ಮರಳಲ್ಲಿ ಹುಡುಕಿದ್ರಿ. ನಿಜವಾಗ್ಲೂ ನೆಲದಿಂದ ಇಂಥದ್ದನ್ನ ತೆಗೆದೋರು ಇವತ್ತು ಬಂದಿದಾರೆ. ಅವರ ಬಾಯಿಂದಾನೇ ಕೇಳೋಣ."

ವೇದಿಕೆ ಹತ್ತಿದವನು ದರ್ಜಿಯ ಅಣ್ಣ. ಪೇಂಟ್ ಅಂಗಡಿಯ ಮಾಲೀಕ. ಗರಿಗರಿ ಅಂಗಿ ತೊಟ್ಟಿದ್ದ. ಮೇಜಿನ ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಒಂದು ಮಣ್ಣಿನ ಹಂದಿ ನಿಂತಿತ್ತು. ಹಿಂದಿನ ಒಂದು ಕಾಲಿರಲಿಲ್ಲ.

ದರ್ಜಿ ಅದನ್ನು ನೋಡಿದೊಡನೆ ಗುರುತು ಹಿಡಿದಳು. ಚಿಕ್ಕವಳಿದ್ದಾಗ ಆ ಹಂದಿಯನ್ನು ನೆಲದಿಂದ ತೆಗೆದವಳು ಅವಳೇ. ಹಿತ್ತಲಲ್ಲಿ ಪಾಯಿಖಾನೆಗೆ ಗುಂಡಿ ತೋಡುವ ಕೆಲಸವನ್ನು ಅಪ್ಪ ಅಣ್ಣನಿಗೆ ಹೇಳಿದ್ದರು. ಅವನು ಚೆಂಡಾಡಲು ಓಡಿಹೋಗಿದ್ದ. ಹಾರೆ ಹಿಡಿದು ಗುಂಡಿಗಿಳಿದವಳು ಲಂಗ ಎತ್ತಿ ಕಟ್ಟಿದ್ದ ಇವಳು. ಆಮೇಲೆ ಅದು ವರ್ಷಗಟ್ಟಲೆ ಮನೆಯ ಗೂಡಿನಲ್ಲಿತ್ತು. ಅಪ್ಪ ತೀರಿಕೊಂಡು ಮನೆ ಖಾಲಿ ಮಾಡಿದಾಗ ಅವಳು ಕೇಳಿದ್ದು ಅದೊಂದನ್ನೇ. ಸಾಮಾನು ಸಾಗಿಸುವಾಗ ಎಲ್ಲೋ ಬಿದ್ದುಹೋಯಿತು ಎಂದಿದ್ದ ಅಣ್ಣ.

ಈಗ ಅವನು ಮೈಕಿನಲ್ಲಿ ಹೇಳುತ್ತಿದ್ದ: "ಹಾರೆ ಹಾಕ್ತಾ ಇದ್ದೆ. ಠಣ್ ಅಂತು. ನಂಗ್ಯಾಕೋ ಅನುಮಾನ ಬಂತು. ಹಾರೆ ಬಿಸಾಕಿ ಬೆರಳಲ್ಲೇ ಮೆಲ್ಲಗೆ ಮಣ್ಣು ಬಿಡಿಸ್ದೆ. ಒಂಚೂರೂ ಮುಕ್ಕಾಗ್ದಂಗೆ ತೆಗೆದೆ."

"ಕಾಲು ಮುರಿದಿದ್ಯಲ್ಲಾ?" ಒಂದು ಮಗು ಕೂಗಿತು.

ಅಣ್ಣ ನಕ್ಕ. "ಅದಾ? ನನಗೊಬ್ಳು ತಂಗಿ ಇದಾಳೆ. ನೋಡ್ತೀನಿ ಕೊಡು ಅಂತ ಕಿತ್ಕೊಂಡು ಕೆಳಗೆ ಹಾಕಿದ್ಲು. ಸಾವಿರಾರು ವರ್ಷ ಮಣ್ಣಲ್ಲಿ ಗಟ್ಟಿಯಾಗಿತ್ತು, ಅವಳ ಕೈಯಲ್ಲಿ ಒಂದು ಗಳಿಗೆ ಉಳೀಲಿಲ್ಲ!"

ಮಕ್ಕಳೆಲ್ಲ ಗೊಳ್ಳೆಂದರು. ದರ್ಜಿಯ ಮಗಳು ಮಾತ್ರ ನಗದೆ ಅಮ್ಮನ ಮುಖ ನೋಡಿದಳು. ದರ್ಜಿ ಎದ್ದು ನಿಂತಳು.

"ಸುಳ್ಳು. ಗುಂಡಿ ತೋಡಿದ್ದು ನಾನು. ಅದನ್ನ ತೆಗೆದಿದ್ದೂ ನಾನೇ. ಕಾಲು ಮುರಿದಿದ್ದು ನನ್ನ ಹಾರೆ ತಗಲಿ. ನೀನು ಆಗ ಮನೆ ಹತ್ರಾನೇ ಇರಲಿಲ್ಲ."

ಅಣ್ಣನಿಗೆ ಅವಳು ಬಂದದ್ದು ಗೊತ್ತಿರಲಿಲ್ಲ. ಆದರೂ ಸಭೆಯತ್ತ ತಿರುಗಿ, "ಬಂದೇಬಿಟ್ಲು ನೋಡಿ, ಕಾಲು ಮುರಿದೋಳು," ಎಂದ. ಮತ್ತೆ ನಗು.

ಮೇಡಂ ಓಡಿ ಬಂದರು. "ಮನೆ ವಿಷಯ ಆಮೇಲೆ ಮಾತಾಡ್ಕೊಳ್ಳಿ, ಪ್ಲೀಸ್. ಮಕ್ಕಳ ಕಾರ್ಯಕ್ರಮ ಇದು."

"ನನ್ನ ಮಗಳೂ ಮಗೂನೇ. ಅವಳ ಮುಂದೆ ನನ್ನನ್ನ ಕೈಲಾಗದೋಳು ಮಾಡಿದ್ರೆ ಕೇಳ್ಕೊಂಡು ಕೂತಿರ್ಲಾ? ನಮ್ಮಮ್ಮ ಇಲ್ಲೇ ಇದಾರೆ. ಅವರನ್ನೇ ಕೇಳಿ."

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದರು.

"ಹೇಳಮ್ಮ. ಕೆಸರು ಮೆತ್ಕೊಂಡು ಒಳಗೆ ಬಂದೆ ಅಂತ ಬೆನ್ನಿಗೆ ಗುದ್ದಿದ್ಯಲ್ಲ, ಯಾರ ಬೆನ್ನಿಗೆ?"

"ಅವನೇ ತೆಗೆದಿದ್ದು," ಎಂದರು ಅಜ್ಜಿ. "ಇವಳು ಚಿಕ್ಕೋಳು. ಏನೋ ಅಂದ್ಕೊಂಡಿದಾಳೆ."

ದರ್ಜಿಗೆ ಬೆಳಿಗ್ಗೆ ತಾಯಿಯ ಮಂಡಿ ಯಾಕೆ ನೋಯುತ್ತಿತ್ತೆಂದು ಈಗ ಹೊಳೆಯಿತು. ತಾನು ಇಲ್ಲಿ ಮಾತಾಡಲಿರುವುದನ್ನು ಅಣ್ಣ ತಾಯಿಗೆ ಮೊದಲೇ ಹೇಳಿದ್ದ. ಅವಳು ಮಗಳ ಕೈ ಹಿಡಿದು ಹೊರಗೆ ನಡೆದಳು.

ಅಣ್ಣ ಗೇಟಿನ ಹತ್ತಿರ ಅವಳನ್ನು ಹಿಡಿದ. ಹಿಂದೆಯೇ ಅವನ ಹೆಂಡತಿ. ಅವಳ ತೋಳು ಹಿಡಿದು ಅಜ್ಜಿ.

"ಮಾನ ಕಳೆದೆಯಲ್ಲೇ! ನಿಂಗೇನು, ಹೆಸರು ಬೇಕಾ? ಹೇಳಿಸ್ತೀನಿ ಬಿಡು. ಪೆಟ್ಟಿಗೆ ಮೇಲಿನ ಚೀಟೀಲಿ 'ತಂಗಿಯ ನೆರವಿನಿಂದ' ಅಂತ ಸೇರಿಸ್ತಾರೆ."

"ನೆರವು? ಚೆಂಡಾಡಕ್ಕೆ ಹೋದೋನಿಗೆ ನಾನು ನೆರವು ಮಾಡಿದ್ನಾ?"

"ಊರಲ್ಲಿ ನಾಲ್ಕು ಜನ ನಂಗೆ ನಮಸ್ಕಾರ ಅಂತಾರೆ. ಅದು ನಿನ್ನ ಹೊಟ್ಟೆಗೆ ಬೆಂಕಿ ಹಾಕಿದೆ, ಅಷ್ಟೇ."

"ಹೌದು, ಬೆಂಕೀನೇ. ಕಳೆದುಹೋಯ್ತು ಅಂತ ನಂಬಿಸ್ದೆ. ಅದೂ ಸಾಲ್ದು ಅಂತ ಮುರಿದಿದ್ದನ್ನ ನನ್ನ ತಲೆಗೆ ಕಟ್ಟಿ, ಸಿಕ್ಕಿದ್ದನ್ನ ನೀನು ಇಟ್ಕೊಂಡೆ."

ಅಜ್ಜಿ ನಡುವೆ ಬಂದರು. "ಸಾಕು ಬಿಡೇ. ಒಂದು ಮಣ್ಣಿನ ಹಂದಿಗೆ ಇಷ್ಟೊಂದಾ? ನಡಿ, ಮನೆಗೆ ಹೋಗೋಣ."

"ಯಾರ ಮನೆಗೆ?" ದರ್ಜಿ ತಾಯಿಯನ್ನು ನೇರವಾಗಿ ನೋಡಿದಳು. "ನಿನ್ನ ಮಗನ ಮನೆ ಆ ಕಡೆ ಇದೆ."

ಅಣ್ಣನ ಹೆಂಡತಿ ಅಜ್ಜಿಯ ತೋಳು ಬಿಟ್ಟುಬಿಟ್ಟಳು. "ನಮ್ಮನೇಲಿ ಜಾಗ ಎಲ್ಲಿದೆ?"

"ಅಂಗಡೀಲಿ ಡಬ್ಬ ಜೋಡಿಸ್ತೀರಲ್ಲ, ಅಲ್ಲೇ ಒಂದು ಹಾಸಿಗೆ ಹಾಕಿ."

ಬಸ್ಸು ಬಂತು. ದರ್ಜಿ ಹತ್ತಿದಳು. ಮಗಳು ಕಿಟಕಿಯಿಂದ ಅಜ್ಜಿಯನ್ನು ನೋಡಿ ಅತ್ತಳು. ದರ್ಜಿ ತಿರುಗಿ ನೋಡಲಿಲ್ಲ. ಸಂಜೆ ತಾಯಿಯ ಬಟ್ಟೆಗಳನ್ನೂ ಮಾತ್ರೆಗಳನ್ನೂ ಚೀಲಕ್ಕೆ ತುಂಬಿ ಗಂಡನ ಕೈಲಿ ಕಳಿಸಿದಳು.

ವಾರ ತುಂಬುವ ಮೊದಲೇ ಅಜ್ಜಿ ಅದೇ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಣ್ಣನೇ ಬೀದಿ ತಿರುವಿನವರೆಗೆ ಬಿಟ್ಟು ಹೋಗಿದ್ದನಂತೆ. ಬಾಗಿಲವರೆಗೆ ಬರುವ ಧೈರ್ಯವಾಗಿರಲಿಲ್ಲ. ದರ್ಜಿ ಬಾಗಿಲಿಂದ ಸರಿದು ದಾರಿ ಬಿಟ್ಟಳು. ತಟ್ಟೆಗೆ ಬಡಿಸಿ ತಾಯಿಯ ಮುಂದೆ ಕುಕ್ಕಿ ಯಂತ್ರದ ಮುಂದೆ ಹೋಗಿ ಕೂತಳು.

ಮೊಮ್ಮಗಳು ಅಜ್ಜಿಗೆ ಅಂಟಿಕೊಂಡು ಕೂತು ಕೇಳಿದಳು: "ಅಜ್ಜಿ, ನಿಜ ಹೇಳು. ಹಂದಿ ತೆಗೆದಿದ್ದು ಯಾರು?"

ಅಜ್ಜಿ ಕೈಯಲ್ಲಿದ್ದ ತುತ್ತನ್ನು ಮತ್ತೆ ತಟ್ಟೆಗೆ ಇಟ್ಟರು. ಆಮೇಲೆ, "ನಿಮ್ಮಮ್ಮಾನೇ," ಎಂದರು. "ನಿಮ್ಮ ಮಾವ ಮೇಲೆ ನಿಂತಿದ್ದ ಕಣೇ, ಅಷ್ಟು ಜನರ ಮುಂದೆ. ಅವನನ್ನ ಹೆಂಗೆ ಕೆಳಗಿಳಿಸ್ಲಿ?"

ದರ್ಜಿ ಯಂತ್ರ ನಿಲ್ಲಿಸಿದಳು.

"ನಾನೂ ಅಲ್ಲೇ ನಿಂತಿದ್ದೆ," ಎಂದಳು. "ಇಲ್ಲಿ, ಬಾಗಿಲು ಹಾಕಿದ ಮನೇಲಿ ನಿನ್ನ ನಿಜ ಯಾರಿಗೆ ಬೇಕು? ಊಟ ಮಾಡು."

ಸೂಜಿಯ ಕೆಳಗೆ ಹೊಸ ಬಟ್ಟೆ ಸರಿಸಿ, ತಾಯಿ ಇನ್ನೇನೋ ಹೇಳುವ ಮೊದಲೇ ಜೋರಾಗಿ ಯಂತ್ರ ತುಳಿಯತೊಡಗಿದಳು.