ಎರಡು ಸೀಟಿನ ಕಾರು

ರಾಮನಗರದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಸುವ ಗಂಗಯ್ಯನಿಗೆ ಇದ್ದದ್ದು ಒಂದೇ ಹುಚ್ಚು, ಅದೂ ಕೆಂಪು ಬಣ್ಣದ್ದು. ಯಾವುದೋ ಶೂಟಿಂಗ್ ಕಂಪನಿಯವರು ಬಂಡೆಗಳ ನಡುವೆ ಓಡಿಸಿ ಸಾಕಾಗಿ ಮಾರಿದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಮಕ್ಕಳಿಲ್ಲದ ಮನೆ, ಹೋಗಲಿ ಅಂತ ಹೆಂಡತಿ ಮುನಿರತ್ನಮ್ಮನೂ ಮೊದಮೊದಲು ಅದರ ಮೈ ಒರೆಸಿದವಳೇ. ಈಗ ಅದನ್ನು ಕಂಡರೆ ಅವಳ ಹೊಟ್ಟೆ ಉರಿಯುತ್ತಿತ್ತು. ಉರಿಯದೆ ಇನ್ನೇನು?

ಯುಗಾದಿ ಹೊತ್ತಿಗೆ ಅವಳ ಎಡಗಣ್ಣು ಹೋಯಿತು. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತೆ, ತಲೆ ಸಿಡಿಯುತ್ತೆ ಅಂತ ಅವಳು ತಿಂಗಳುಗಟ್ಟಲೆ ಹೇಳಿದ್ದಳು. ಗೂಡು ಬೇಯುವ ಬಿಸಿನೀರಿನ ಮುಂದೆ ಕೂತವರಿಗೆ ಕಣ್ಣು ಮಂಜಾಗುವುದು ಆ ಕೇರಿಯಲ್ಲಿ ಮಾಮೂಲು. "ಹಬೆ ಕಣಮ್ಮಿ, ತಣ್ಣೀರಲ್ಲಿ ಒಸಿ ತೊಳ್ಕೊ" ಅಂದರು ಎಲ್ಲರೂ. ಅವಳೂ ತೊಳೆದುಕೊಂಡಳು. ಕೊನೆಗೆ ಬೆಂಗಳೂರಿನ ಕಣ್ಣಿನ ಡಾಕ್ಟರು, ಇದು ಹಬೆಯಲ್ಲ, ಕಣ್ಣೊಳಗಿನ ಒತ್ತಡ, ಹೋದ ಕಣ್ಣು ಇನ್ನು ಬರುವುದಿಲ್ಲ ಅಂದುಬಿಟ್ಟರು. ಬಲಗಣ್ಣು ಈಗ ಚೆನ್ನಾಗಿದ್ದರೂ ಅದಕ್ಕೂ ಹೀಗೇ ಆಗಬಹುದು, ಆಗುವ ಮುಂಚೆಯೇ ಲೇಸರ್ ಮಾಡಿಸಿ, ಜೊತೆಗೊಬ್ಬರು ಬನ್ನಿ ಅಂತಲೂ ಹೇಳಿದರು. ಗಂಗಯ್ಯ ತಲೆಯಾಡಿಸಿದ. ತಲೆಯಾಡಿಸುವುದಕ್ಕೆ ಏನು ಕಷ್ಟ! ಆಮೇಲೆ ಗೂಡಿನ ಸೀಸನ್ ಬಂತು, ನೆಂಟರ ಮದುವೆ ಬಂತು, ಆಯುಧಪೂಜೆಯೂ ಹತ್ತಿರ ಬಂತು.

ಪ್ರತಿ ವರ್ಷದ ಹಾಗೆ ಮೆಕ್ಯಾನಿಕ್ ನಜೀರ್ ಬಂದು ಕಾರಿನ ಬಾನೆಟ್ ಎತ್ತಿದ. ಈ ಸಲ ಎಷ್ಟು ಬಿಚ್ಚಬೇಕು, ಏನೇನು ಬದಲಾಯಿಸಬೇಕು ಅನ್ನುವುದೇ ಮಾತು.

"ಟೈಮಿಂಗ್ ಬೆಲ್ಟ್ ಇನ್ನೂ ಗಟ್ಟಿಮುಟ್ಟಾಗೈತೆ ಅಣ್ಣ. ಮೀಟರ್ ನೋಡಿದ್ರೆ ಗಾಡಿ ಓಡೇ ಇಲ್ಲ. ಬ್ರೇಕ್ ಪೈಪ್ ಹಾಕನ, ಮಿಕ್ಕಿದ್ದು ಕೆಟ್ಟಾಗ ನೋಡ್ಕಳನ" ಅಂದ ನಜೀರ್.

"ಕೆಟ್ಟಾಗ ಏನ್ಲಾ ನೋಡ್ತೀಯ?" ಗಂಗಯ್ಯನಿಗೆ ರೇಗಿತು. "ಬೆಲ್ಟು ಹೇಳ್ದೆ ಕೇಳ್ದೆ ಕಿತ್ಕೊಂಡ್ರೆ ಇಂಜಿನ್ನೇ ಹೋಯ್ತದೆ. ರಬ್ಬರ್‌ಗೆ ನಿಂತಿದ್ರೂ ವಯಸ್ಸಾಯ್ತದೆ. ಚೆನ್ನಾಗ್ ಕಾಣ್ತೈತೆ ಅಂತ ನಂಬ್ಕೊಂಡು ಕೂರೋನು ಪೆದ್ದ. ಬೆಂಗ್ಳೂರಿಗೆ ಹೋಗಿ ಎಲ್ಲಾ ತಂದ್ಬುಡನ."

ಪಕ್ಕದ ಶೆಡ್ಡಿನಲ್ಲಿ ಗೂಡಿನ ಬಾಣಲೆ ಮುಂದೆ ಕೂತಿದ್ದ ಮುನಿರತ್ನಮ್ಮನ ಕೈಯಿಂದ ಎಳೆ ಜಾರಿತು. ಈ ಮನುಷ್ಯನಿಗೆ ಎಲ್ಲ ಗೊತ್ತಿದೆ! ಗೊತ್ತಿಲ್ಲದವನಾಗಿದ್ದರೆ ಕ್ಷಮಿಸಬಹುದಿತ್ತು. ಅವಳು ಎದ್ದು ಬಂದಳು.

"ಹೆಂಗೂ ಬೆಂಗ್ಳೂರಿಗೆ ಹೋಯ್ತೀರಲ್ಲ, ನನ್ನೂ ಕರ್ಕೊಂಡೋಗಿ. ಕಣ್ಣಿನ್ ಕೆಲ್ಸ ಮುಗ್ಸಿ ಬುಡನ."

"ಎರಡೇ ಸೀಟು ಕಣೇ. ನಜೀರ್ ಬರ್ದಿದ್ರೆ ಸರಿಯಾದ ಬೆಲ್ಟು ಯಾರು ಗುರ್ತು ಹಿಡೀತಾರೆ?"

"ಹಂಗಾದ್ರೆ ಶರ್ಫುನ್ನೀಸಾ ಜೊತೆ ರೈಲಲ್ಲಿ ಹೋಯ್ತೀನಿ."

ಪಕ್ಕದ ಬಾಣಲೆಯಲ್ಲಿ ಗೂಡು ಬಿಚ್ಚುತ್ತಿದ್ದ ಶರ್ಫುನ್ನೀಸಾ, ತಾನು ಬರುತ್ತೇನೆ ಅಂತ ತಲೆ ಅಲ್ಲಾಡಿಸಿದಳು.

"ಮನೇಲಿ ಕಾರ್ ಮಡಿಕ್ಕಂಡು ಹೆಂಡ್ತೀನ ರೈಲಲ್ಲಿ ಕಳಿಸ್ದ ಅಂತ ಊರೋರು ಆಡ್ಕಳ್ಳಕ್ಕಾ? ಹಬ್ಬ ಕಳೀಲಿ, ನಾನೇ ಕರ್ಕೊಂಡೋಯ್ತೀನಿ. ಬಲಗಣ್ಣು ಚೆನ್ನಾಗೇ ಕಾಣ್ತೈತಲ್ಲ ನಿಂಗೆ?"

"ಮೀಟರ್ ನೋಡ್ಬುಟ್ಟು ಹೇಳಿ, ನನ್ ಕಣ್ಣು ಎಷ್ಟು ಓಡೈತೆ?"

ಗಂಗಯ್ಯ ಬಟ್ಟೆ ತೆಗೆದುಕೊಂಡು ಬಾನೆಟ್ ಒರೆಸತೊಡಗಿದ. ನಜೀರ್ ಕಾರಿನೊಳಗೆ ತಲೆ ತೂರಿಸಿ ಏನೋ ಹುಡುಕುವವನಂತೆ ನಿಂತ.

ಬೆಲ್ಟು ಬಂತು, ಪೈಪುಗಳು ಬಂದವು. ಬಿಚ್ಚಿದ ಹಳೇ ಬೆಲ್ಟನ್ನು ಗಂಗಯ್ಯ ತಂದು ಹೆಂಡತಿಗೆ ತೋರಿಸಿದ. ಒಂದು ಬಿರುಕೂ ಇರಲಿಲ್ಲ. ಬಿರುಕು ಬಿಡುವ ಮುಂಚೆಯೇ ತೆಗೆದೆ ನೋಡು ಅಂತ ಹಿಗ್ಗಿದ. ಮುನಿರತ್ನಮ್ಮ ಅದನ್ನು ಬೆರಳಲ್ಲಿ ಸವರಿ ವಾಪಸ್ ಕೊಟ್ಟಳು.

ಹಬ್ಬದ ಹಿಂದಿನ ಸಂಜೆ ಅವಳಿಗೆ ದೀಪದ ಸುತ್ತ ಮತ್ತೆ ಬಳೆಗಳು ಕಂಡವು. ತಲೆ ಸಿಡಿದು ವಾಂತಿಯಾಯಿತು. "ಬಲಗಣ್ಣು ಕಣ್ರೀ" ಅಂದಳು. ಮನೆ ತುಂಬ ನೆಂಟರು, ಗಂಗಯ್ಯನ ಕೈ ತುಂಬ ಪಾಲಿಶ್. "ನಾಳೆ ಪೂಜೆ ಒಂದು ಮುಗೀಲಿ, ನಿನ್ನೇ ಕೂರಿಸ್ಕೊಂಡು ಹೊರಡ್ತೀನಿ" ಅಂದ. ನೆಂಟರಲ್ಲೊಬ್ಬಳು ಒಳಗಿನಿಂದಲೇ "ಹಬೆ ಕಣಕ್ಕ" ಅಂದಳು.

ಬೆಳಿಗ್ಗೆ ಕಾರಿಗೆ ಸೇವಂತಿಗೆ ಹಾರ ಬಿತ್ತು, ಬಾಳೆಕಂದು ಕಟ್ಟಿದರು, ಚಕ್ರದಡಿ ನಿಂಬೆಹಣ್ಣು ಇಟ್ಟರು. ಆರತಿ ಮನೆಯೊಡತಿಯದು. ಯಾರೋ ಅವಳನ್ನು ಕೈಹಿಡಿದು ಕರೆತಂದು ತಟ್ಟೆ ಕೊಟ್ಟರು. ಮುನಿರತ್ನಮ್ಮ ತಟ್ಟೆ ಎತ್ತಿ, ಭಕ್ತಿಯಿಂದ, ಶೆಡ್ಡಿನ ಖಾಲಿ ಗೋಡೆಗೆ ಆರತಿ ಬೆಳಗಿದಳು.

ಶರ್ಫುನ್ನೀಸಾ ಬಂದು ಅವಳ ಭುಜ ಹಿಡಿದಳು. "ಅಕ್ಕ, ಕಾರು ಈ ಕಡೆ ಐತೆ."

ಗಂಗಯ್ಯ ಒಡೆದ ಕುಂಬಳಕಾಯಿ ತುಳಿದುಕೊಂಡು ಓಡಿ ಕಾರಿಗೆ ಹತ್ತಿದ. ಬೀಗದ ಕೈ ತಿರುಗಿಸಿದ್ದೇ ತಡ, ಇಂಜಿನ್ನು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸದ್ದು ಬಂದ ಕಡೆಗೆ ಮುನಿರತ್ನಮ್ಮ ಮುಖ ತಿರುಗಿಸಿದಳು.

"ಈಗ ಸೀಟು ಖಾಲಿ ಐತೇನ್ರೀ?" ಅಂದಳು.